ಖಾರ ಇರುವುದು ಕ್ರಿಯಾಪದದಲ್ಲಿ

ಅಂಕಣ ಓದುವವರು ಬರೆಯುವ ಕಾಗದಗಳಲ್ಲಿ, ಮದುವೆ ಮನೆಯಲ್ಲೋ ಸಭೆಯಲ್ಲೋ ಸಿಕ್ಕಾಗ ಆಡುವ ಮಾತುಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ‘ಹೋದ ವಾರದ ಬರಹದಲ್ಲಿ ನೀವು ಯಾರನ್ನೂ ಬೈದಿರಲಿಲ್ಲ. ಹುಡುಕಿದರೂ ಒಂದು ಕೆಟ್ಟ ಪದ ಸಿಗಲಿಲ್ಲ. ಆದರೂ ಓದಿ ಮುಗಿಸುವಾಗ ಆ ಇಲಾಖೆಯವರನ್ನು ನಿಲ್ಲಿಸಿ ಕೇಳಿದ ಹಾಗಿತ್ತು. ಅದು ಹೇಗೆ?’ ಇದನ್ನೇ ಕೆಲವರು ದೂರಿನ ದನಿಯಲ್ಲಿ ಕೇಳುತ್ತಾರೆ: ‘ನೇರವಾಗಿ ಹೇಳುವುದು ಬಿಟ್ಟು ಪದಗಳ ಸಂದಿಯಲ್ಲಿ ಚುಚ್ಚುವುದು ಸರಿಯೇ?’ ಎರಡೂ ನ್ಯಾಯವಾದ ಪ್ರಶ್ನೆಗಳು. ಮೊದಲನೆಯದಕ್ಕೆ ಉತ್ತರ ಕನ್ನಡದ ವ್ಯಾಕರಣದಲ್ಲೇ ಇದೆ. ಎರಡನೆಯದಕ್ಕೆ ಬರೆಯುವವನು ಉತ್ತರ ಕೊಡಬೇಕು.

ಟೀಕೆ ಎಂದರೆ ಗುಣವಾಚಕಗಳನ್ನು ಸಾಲಾಗಿ ನಿಲ್ಲಿಸುವುದು ಎಂದು ಹೊಸದಾಗಿ ಬರೆಯುವವರು ನಂಬಿರುತ್ತಾರೆ. ಭ್ರಷ್ಟ, ಬೇಜವಾಬ್ದಾರಿ, ನಾಚಿಕೆಗೇಡು, ಅಕ್ಷಮ್ಯ, ಖಂಡನೀಯ. ನಾನು ಸುದ್ದಿಮನೆಯ ಡೆಸ್ಕಿನಲ್ಲಿದ್ದಾಗ ಅಲ್ಲಿದ್ದ ಹಿರಿಯ ಉಪಸಂಪಾದಕರೊಬ್ಬರು ಇಂಥ ಪದ ಕಂಡರೆ ಪೆನ್ನು ಎತ್ತುವ ಮೊದಲು ಕಾಪಿ ತಂದವರನ್ನು ಕೇಳುತ್ತಿದ್ದರು: ‘ಬೇಜವಾಬ್ದಾರಿ ಅಂತ ಬರ್ದಿದ್ದೀಯಪ್ಪ, ಸರಿ. ಅವ್ರು ಏನು ಮಾಡಿದ್ರು ಅನ್ನೋದು ಎಲ್ಲಿದೆ?’ ಅದು ಬರಹದಲ್ಲಿ ಎಲ್ಲೂ ಇಲ್ಲದಿದ್ದರೆ ಗುಣವಾಚಕಕ್ಕೆ ಕತ್ತರಿ. ಇದ್ದರೆ, ಅದು ಇದೆಯಲ್ಲ, ಗುಣವಾಚಕ ಇನ್ನೇಕೆ ಎಂದು ಆಗಲೂ ಕತ್ತರಿ. ‘ಬೇಜವಾಬ್ದಾರಿ’ ಎಂಬ ಪದ ಅಧಿಕಾರಿಯ ಬಗ್ಗೆ ಏನನ್ನೂ ತಿಳಿಸುವುದಿಲ್ಲ, ಬರೆದವನಿಗೆ ಸಿಟ್ಟು ಬಂದಿದೆ ಎಂಬುದನ್ನಷ್ಟೇ ತಿಳಿಸುತ್ತದೆ. ಓದುಗನಿಗೆ ತನ್ನದೇ ಸಿಟ್ಟು ಬರಬೇಕಾದರೆ ಅವನ ಮುಂದೆ ಕೆಲಸವನ್ನು ಇಡಬೇಕು, ಹೆಸರಿಟ್ಟು ಕರೆಯುವ ಕೆಲಸವನ್ನು ಅವನಿಗೇ ಬಿಡಬೇಕು.

ಒಂದು ವಾಕ್ಯವನ್ನು ಹತ್ತಿರದಿಂದ ನೋಡೋಣ. ಕುಡಿಯುವ ನೀರಿನ ಕಾಮಗಾರಿ ಅರ್ಧಕ್ಕೆ ನಿಂತ ಯಾವುದೋ ಪಟ್ಟಣ ಎಂದಿಟ್ಟುಕೊಳ್ಳಿ. ಕಚೇರಿಯಿಂದ ಬರುವ ಪ್ರಕಟಣೆ ಹೀಗಿರುತ್ತದೆ: ‘ಕುಡಿಯುವ ನೀರಿನ ಯೋಜನೆಯ ಕಾಮಗಾರಿಯನ್ನು ಶೀಘ್ರದಲ್ಲೇ ಪೂರ್ಣಗೊಳಿಸಲಾಗುವುದು ಎಂದು ಅಧಿಕಾರಿಗಳು ತಿಳಿಸಿದ್ದಾರೆ.’ ಸಿಟ್ಟಿನಲ್ಲಿ ಬರೆದರೆ: ‘ನಾಚಿಕೆಯಿಲ್ಲದ ಅಧಿಕಾರಿಗಳು ಮತ್ತೊಂದು ಸುಳ್ಳು ಭರವಸೆ ನೀಡಿದ್ದಾರೆ.’ ಇದನ್ನು ಓದಿದವನು ಒಂದೋ ಒಪ್ಪುತ್ತಾನೆ, ಇಲ್ಲವೇ ‘ಇವನಿಗೆ ಅವರ ಮೇಲೆ ಏನೋ ಹಗೆ’ ಎಂದುಕೊಳ್ಳುತ್ತಾನೆ. ಈಗ ಮೂರನೆಯದು: ‘ಈ ಬೇಸಿಗೆಯೊಳಗೆ ನೀರು ಬರುತ್ತದೆ ಎಂದು ಅಧಿಕಾರಿಗಳು ಹೇಳಿದ್ದಾರೆ. ಹೋದ ಬೇಸಿಗೆಯಲ್ಲೂ ಹೇಳಿದ್ದರು.’ ಇಲ್ಲಿ ‘ಸುಳ್ಳು’ ಎಂಬ ಪದ ಇಲ್ಲ, ಗುಣವಾಚಕವೂ ಇಲ್ಲ. ಇಡೀ ಆರೋಪವನ್ನು ಹೊತ್ತಿರುವುದು ‘ಬೇಸಿಗೆಯಲ್ಲೂ’ ಎಂಬುದರ ಕೊನೆಯ ಆ ಒಂದು ‘ಊ’. ಅದನ್ನು ತೆಗೆದು ‘ಹೋದ ಬೇಸಿಗೆಯಲ್ಲಿ ಹೇಳಿದ್ದರು’ ಎಂದರೆ ಬರೀ ಮಾಹಿತಿ ಉಳಿಯುತ್ತದೆ. ಎರಡೂ ವಾಕ್ಯಗಳನ್ನು ಗಟ್ಟಿಯಾಗಿ ಓದಿ ನೋಡಿ, ದನಿ ಬದಲಾಗುವುದು ನಿಮಗೇ ಕೇಳುತ್ತದೆ.

ಶಾಲೆಯಲ್ಲಿ ‘ಅವಧಾರಣಾರ್ಥಕ ಅವ್ಯಯ’ ಎಂದು ಬಾಯಿಪಾಠ ಮಾಡಿಸಿದ ‘ಏ’ ಇದಕ್ಕಿಂತಲೂ ಬಲಶಾಲಿ. ‘ಸೇತುವೆ ಮಳೆಗಾಲದ ಮೊದಲ ವಾರದಲ್ಲಿ ಕುಸಿಯಿತು’ ಎಂಬುದು ವರದಿ. ‘ಮೊದಲ ವಾರದಲ್ಲೇ ಕುಸಿಯಿತು’ ಎಂದರೆ ಗುತ್ತಿಗೆದಾರನಿಂದ ಹಿಡಿದು ಬಿಲ್ಲಿಗೆ ಸಹಿ ಹಾಕಿದ ಎಂಜಿನಿಯರ್‌ವರೆಗೆ ಎಲ್ಲರೂ ಕಟಕಟೆಗೆ ಬಂದರು. ಸಂಖ್ಯೆಗಳ ಮುಂದೆ ನಿಲ್ಲುವ ಪುಟ್ಟ ಪದಗಳೂ ಇದೇ ಜಾತಿಯವು. ‘ಕೇವಲ 40 ಲಕ್ಷ ರೂಪಾಯಿ’ ಎಂದರೆ ಕೊಟ್ಟವನ ಕೈ ಬಿಗಿ, ‘ಬರೋಬ್ಬರಿ 40 ಲಕ್ಷ ರೂಪಾಯಿ’ ಎಂದರೆ ತಿಂದವನ ಹೊಟ್ಟೆ ದೊಡ್ಡದು. ಹಣ ಅಷ್ಟೇ ಇದೆ, ತೀರ್ಪು ಮಾತ್ರ ಬರೆದವನದು. ಈ ಎರಡು ಪದಗಳ ಬಗ್ಗೆ ನನಗೆ ತಕರಾರಿದೆ. 40 ಲಕ್ಷ ಹೆಚ್ಚೋ ಕಡಿಮೆಯೋ ಎಂಬುದು ಓದುಗನಿಗೆ ತಿಳಿಯಬೇಕಾದರೆ ಪಕ್ಕದ ಊರಿನಲ್ಲಿ ಅದೇ ಕೆಲಸಕ್ಕೆ ಎಷ್ಟು ಖರ್ಚಾಯಿತು ಎಂಬ ಲೆಕ್ಕ ಕೊಡಬೇಕು. ಲೆಕ್ಕ ಹುಡುಕಲು ಎರಡು ದಿನ ಬೇಕು, ‘ಬರೋಬ್ಬರಿ’ ಬರೆಯಲು ಕ್ಷಣ ಸಾಕು.

ಪತ್ರಿಕೆಯ ಓದುಗರು ಹೆಚ್ಚು ಗಮನಿಸದೆ ದಾಟಿಹೋಗುವುದು ‘ಹೇಳಿದರು’ ಎಂಬುದರ ನೆಂಟರನ್ನು. ಹೇಳಿದರು ಎಂದರೆ ಹೇಳಿದರು, ಅಷ್ಟೇ. ‘ಸ್ಪಷ್ಟಪಡಿಸಿದರು’ ಎಂದು ಬರೆದ ಕೂಡಲೇ ಅವರು ಹೇಳಿದ್ದು ನಿಜ ಎಂದು ನಾನು ಒಪ್ಪಿಕೊಂಡಂತೆ. ‘ಸಮರ್ಥಿಸಿಕೊಂಡರು’ ಎಂದರೆ ಅವರ ಮೇಲೆ ಆಗಲೇ ಒಂದು ಆಪಾದನೆ ಕೂತಿದೆ. ‘ಒಪ್ಪಿಕೊಂಡರು’ ಎಂದರೆ ತಪ್ಪು ನಡೆದದ್ದು ಖಚಿತ. ‘ಜಾರಿಕೊಂಡರು’, ‘ನುಣುಚಿಕೊಂಡರು’ ಎಂಬುವು ಉತ್ತರ ಕೊಟ್ಟ ರೀತಿಯ ಮೇಲೆ ನೇರ ತೀರ್ಪು. ಒಬ್ಬರೇ ಸಚಿವರು, ಒಂದೇ ಪತ್ರಿಕಾಗೋಷ್ಠಿ, ಒಂದೇ ಮಾತು. ಮರುದಿನ ನಾಲ್ಕು ಪತ್ರಿಕೆಗಳಲ್ಲಿ ನಾಲ್ಕು ಕ್ರಿಯಾಪದ. ಕ್ರಿಯಾಪದ ನೋಡಿದರೆ ಸಾಕು, ಪತ್ರಿಕೆಯ ಒಲವು ಯಾವ ಕಡೆ ಎಂದು ಹೇಳಿಬಿಡಬಹುದು. ಸಂಪಾದಕೀಯ ಓದುವ ಅಗತ್ಯ ಬೀಳುವುದಿಲ್ಲ.

ಇವುಗಳ ಜೊತೆಗೆ ಇನ್ನೊಂದು ಗುಂಪಿದೆ. ಕಿಡಿಕಾರಿದರು, ಗುಡುಗಿದರು, ಹರಿಹಾಯ್ದರು, ವಾಗ್ದಾಳಿ ನಡೆಸಿದರು, ಕುಟುಕಿದರು, ಟಾಂಗ್ ಕೊಟ್ಟರು. ರಾಜಕೀಯ ಪುಟದಲ್ಲಿ ಇವು ಇಲ್ಲದ ದಿನವಿಲ್ಲ. ಒಬ್ಬ ಶಾಸಕರು ಮದುವೆಗೆ ಹೋದಲ್ಲಿ ಮೈಕ್ ಹಿಡಿದವರಿಗೆ ಒಂದು ಮಾತು ಹೇಳಿದರೂ ಅದು ‘ಗುಡುಗು’. ದಿನವೂ ಗುಡುಗಿದರೆ ಮಳೆ ಬರುವ ದಿನ ಯಾವ ಪದ ಬಳಸುವುದು? ನಿಜವಾಗಿ ಸದನ ನಡುಗುವಂಥ ಪ್ರಶ್ನೆಯನ್ನು ಯಾರಾದರೂ ಕೇಳಿದರೆ ಅದಕ್ಕೆ ಉಳಿದಿರುವ ಪದ ನಮ್ಮ ಬಳಿ ಇಲ್ಲ. ಟೀಕೆಯ ದನಿ ಏರಬೇಕಾದರೆ ಕೆಳಗೆ ಇಳಿದೂ ಇರಬೇಕು. ನನ್ನ ಬರಹದಲ್ಲಿ ‘ಹೇಳಿದರು’ ಪದೇ ಪದೇ ಬರುತ್ತದೆ, ಓದಲು ಬೇಸರ ಎಂದು ಕೆಲವು ಕಿರಿಯ ಮಿತ್ರರು ಅನ್ನುತ್ತಾರೆ. ‘ಹೇಳಿದರು’ ಯಾರ ಕಣ್ಣಿಗೂ ಬೀಳದ ಪದ, ಅದೇ ಅದರ ಗುಣ. ಐದು ‘ಹೇಳಿದರು’ಗಳ ನಂತರ ಒಂದು ‘ಜಾರಿಕೊಂಡರು’ ಬಂದರೆ ಓದುಗ ತಲೆ ಎತ್ತುತ್ತಾನೆ.

ಕನ್ನಡದ ನಿಜವಾದ ಸಂಪತ್ತು ಇರುವುದು ಕ್ರಿಯಾಪದದ ಬೆನ್ನಿಗೆ ಬಂದು ಕೂರುವ ಸಹಾಯಕ ಕ್ರಿಯಾಪದಗಳಲ್ಲಿ ಎಂಬುದು ನನ್ನ ನಂಬಿಕೆ. ‘ರಸ್ತೆ ಮಾಡಿಸಿದರು’ ಎಂದರೆ ಹೊಗಳಿಕೆ. ‘ರಸ್ತೆ ಮಾಡಿಸಿಕೊಂಡರು’ ಎಂದರೆ ಆ ರಸ್ತೆ ಯಾರ ತೋಟದ ಗೇಟಿನವರೆಗೆ ಹೋಗಿ ನಿಂತಿದೆ ಎಂದು ಊರಿಗೆಲ್ಲ ಗೊತ್ತಾಯಿತು. ‘ಕೊಳ್ಳು’ ಸೇರಿದ ಕ್ಷಣ ಸಾರ್ವಜನಿಕ ಕೆಲಸ ಸ್ವಂತದ ಕೆಲಸವಾಗುತ್ತದೆ. ‘ಮಸೂದೆಯನ್ನು ಅಂಗೀಕರಿಸಿದರು’ ಎಂಬುದಕ್ಕೂ ‘ಮಸೂದೆಯನ್ನು ಅಂಗೀಕರಿಸಿಬಿಟ್ಟರು’ ಎಂಬುದಕ್ಕೂ ನಡುವೆ ಚರ್ಚೆಯಿಲ್ಲದೆ ಕಳೆದ ಒಂದು ಮಧ್ಯಾಹ್ನ ಇದೆ. ‘ಕೆಲಸ ನಿಂತಿತು’ ಎನ್ನುವುದು ಬೇರೆ, ‘ನಿಂತೇಹೋಯಿತು’ ಎನ್ನುವುದು ಬೇರೆ. ಎರಡನೆಯದರಲ್ಲಿ ಕಾದವರ ನಿಟ್ಟುಸಿರು ಕೇಳುತ್ತದೆ. ಹಳ್ಳಿಯ ಕಟ್ಟೆಯ ಮೇಲೆ ಕೂತು ಪಂಚಾಯಿತಿ ವಿಷಯ ಮಾತಾಡುವವರು ಈ ಕೊಳ್ಳು, ಬಿಡು, ಹೋಗು, ಹಾಕುಗಳನ್ನು ಎಷ್ಟು ನಿಖರವಾಗಿ ಬಳಸುತ್ತಾರೆಂದರೆ, ನಾನು ಊರಿಗೆ ಹೋದಾಗಲೆಲ್ಲ ಅವರ ಮಾತಿಗೆ ಕಿವಿಗೊಟ್ಟು ಕೂರುತ್ತೇನೆ. ಅವರ ಬಾಯಲ್ಲಿ ‘ಭ್ರಷ್ಟಾಚಾರ’ ಎಂಬ ಪದ ಬರುವುದು ಅಪರೂಪ. ‘ಅಧ್ಯಕ್ಷ ಆದ, ಮನೆ ಕಟ್ಕೊಂಡ’ ಎನ್ನುತ್ತಾರೆ. ನಡುವೆ ‘ಆದ್ದರಿಂದ’ ಕೂಡ ಇಲ್ಲ.

ಕರ್ತೃವನ್ನು ಅಡಗಿಸಿಡುವ ವಾಕ್ಯಗಳು ಇದರ ತದ್ವಿರುದ್ಧ. ಕ್ರಮ ಕೈಗೊಳ್ಳಲಾಗುವುದು, ಪರಿಶೀಲಿಸಲಾಗುತ್ತಿದೆ, ಕಡತ ವಿಲೇವಾರಿಯಾಗಿಲ್ಲ, ಅನುದಾನ ಬಿಡುಗಡೆಯಾಗಿಲ್ಲ. ಇವುಗಳಲ್ಲಿ ಮನುಷ್ಯರೇ ಇಲ್ಲ. ಕಡತ ತಾನಾಗಿ ಎದ್ದು ಹೋಗಬೇಕಿತ್ತು, ಹೋಗಲಿಲ್ಲ ಎಂಬ ಧಾಟಿ. ಬೆಂಗಳೂರಿನ ರಸ್ತೆಗಳ ಬಗ್ಗೆ ನಾವು ಬರೆಯುವ ಶೀರ್ಷಿಕೆಗಳನ್ನೇ ನೋಡಿ: ‘ರಸ್ತೆ ಗುಂಡಿಗೆ ಬೈಕ್ ಸವಾರ ಬಲಿ’. ಓದಲು ಕಟುವಾಗಿದೆ, ‘ಬಲಿ’ ಎಂಬ ಪದಕ್ಕೆ ತೂಕವಿದೆ, ಅಪಘಾತದಲ್ಲಿ ಸಾವು ಎನ್ನುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಕೊಂದದ್ದು ಯಾರು? ಗುಂಡಿ. ಗುಂಡಿಯ ಮೇಲೆ ಮೊಕದ್ದಮೆ ಹೂಡಲಾಗದು. ಗುಂಡಿ ಮುಚ್ಚುವ ಗುತ್ತಿಗೆ ಯಾರಿಗೆ ಹೋಗಿತ್ತು, ಮುಚ್ಚಿದೆ ಎಂದು ಅಳತೆ ಪುಸ್ತಕದಲ್ಲಿ ಬರೆದವರು ಯಾರು, ಬಿಲ್ಲು ಪಾಸು ಮಾಡಿದವರು ಯಾರು ಎಂದು ಎರಡನೆಯ ವಾಕ್ಯದಲ್ಲಿ ಕೇಳದಿದ್ದರೆ ಆ ಕಟುವಾದ ಶೀರ್ಷಿಕೆ ಇಲಾಖೆಗೆ ಸಹಾಯವನ್ನೇ ಮಾಡಿದಂತೆ. ಅಂಕಣಕಾರ ಮಾಡಬೇಕಾದ ಮೊದಲ ಕೆಲಸ ವಾಕ್ಯಕ್ಕೆ ಕರ್ತೃವನ್ನು ಮರಳಿ ತರುವುದು. ‘ಕಡತ ವಿಲೇವಾರಿಯಾಗಿಲ್ಲ’ ಎಂಬುದನ್ನು ‘ಸಹಿ ಹಾಕಬೇಕಾದವರು ಹಾಕಿಲ್ಲ’ ಎಂದು ಬರೆದು ನೋಡಿ. ಒಂದೂ ಕಠಿಣ ಪದ ಸೇರಿಸದೆ ಟೀಕೆ ಬಂದು ಕೂತಿತು.

ಇನ್ನು ಪದದ ಮೂಲದಿಂದ ಬರುವ ದನಿ. ಸಂಸ್ಕೃತದ ಪದ ಕಚೇರಿಯ ಮರ್ಯಾದೆ ಕಾಪಾಡುತ್ತದೆ, ಆಡುಮಾತು ಅದನ್ನು ಕಳಚುತ್ತದೆ. ಅಧಿಕಾರಿಯ ‘ವರ್ಗಾವಣೆ’ ಆದೇಶದ ಮಾತು, ‘ಎತ್ತಂಗಡಿ’ ಎಂದರೆ ಅದರ ಹಿಂದೆ ಯಾರದೋ ಕೈ ಇದೆ. ‘ಅತಿಕ್ರಮಣ’ವೂ ‘ಕೆರೆ ನುಂಗಿದರು’ ಎಂಬುದೂ ಒಂದೇ ಕೃತ್ಯಕ್ಕೆ ಇಟ್ಟ ಎರಡು ಹೆಸರು. ‘ನುಂಗು’ ಎನ್ನುವಾಗ ಹೂಳು ತುಂಬಿದ ಆ ಕೆರೆಯ ಅಂಗಳ ಕಣ್ಣೆದುರು ಬರುತ್ತದೆ.

ಕನ್ನಡ ಪತ್ರಿಕೆಗಳಲ್ಲಿ ಈ ಆಡುಮಾತಿನ ಬಲವನ್ನು ಪೂರ್ತಿ ಬಳಸಿದವರು ಪಿ. ಲಂಕೇಶ್. 1980ರಲ್ಲಿ ಅವರು ‘ಲಂಕೇಶ್ ಪತ್ರಿಕೆ’ ಆರಂಭಿಸಿದಾಗ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಗುಂಡೂರಾವ್. ಪತ್ರಿಕೆ ಅವರನ್ನು ‘ಗುಂ’ ಎಂದು ಕರೆಯಿತು. ಮುಂದೆ ಬಂಗಾರಪ್ಪನವರು ‘ಬಂ’ ಆದರು. ಹೆಸರಿನ ಒಂದೇ ಅಕ್ಷರವನ್ನು ಉಳಿಸಿಕೊಂಡಾಗ ಕುರ್ಚಿ, ಕೆಂಪುದೀಪ, ‘ಮಾನ್ಯ’ ಎಲ್ಲವೂ ಉದುರಿ ಒಬ್ಬ ಸಾಮಾನ್ಯ ಮನುಷ್ಯ ಉಳಿದ. ಅಧಿಕಾರವೆಂದರೆ ಹೆದರಬೇಕಾದದ್ದು ಎಂದುಕೊಂಡಿದ್ದ ಓದುಗರಿಗೆ ಅದು ದೊಡ್ಡ ಬಿಡುಗಡೆಯಾಗಿತ್ತು. ಆದರೆ ಲಂಕೇಶರ ದನಿ ಆ ಅಡ್ಡಹೆಸರುಗಳಲ್ಲೇ ಇತ್ತು ಎಂದುಕೊಳ್ಳುವುದು ತಪ್ಪು. ಅವರ ‘ಟೀಕೆ ಟಿಪ್ಪಣಿ’ ಅಂಕಣವನ್ನು ಈಗ ತೆಗೆದು ಓದಿದರೆ ಎದ್ದು ಕಾಣುವುದು ಗಿಡ್ಡ ವಾಕ್ಯ, ದಿನಬಳಕೆಯ ಪದ, ಕವಿಯ ಕಣ್ಣು. ಟೀಕಿಸುತ್ತಿರುವ ಮನುಷ್ಯನೊಳಗೆ ಏನು ನಡೆಯುತ್ತಿರಬಹುದು ಎಂಬ ಕುತೂಹಲ ಅವರಿಗೆ ಕೊನೆಯವರೆಗೂ ಬತ್ತಲಿಲ್ಲ. ಅದರ ಬೆನ್ನಿಗೆ ಪತ್ರಿಕೆಯ ವರದಿಗಳಿದ್ದವು. ಜಾಹೀರಾತು ಪಡೆಯದೆ ನಡೆದ ಪತ್ರಿಕೆಯಾದ್ದರಿಂದ ಯಾರ ಹಂಗೂ ಇರಲಿಲ್ಲ. ಆಮೇಲೆ ಬಂದ ಅನುಕರಣೆಗಳು ಅಡ್ಡಹೆಸರನ್ನು ಎತ್ತಿಕೊಂಡು ಉಳಿದದ್ದನ್ನು ಅಲ್ಲೇ ಬಿಟ್ಟವು. ವರದಿಯ ಆಸರೆ ಇಲ್ಲದ ಅಡ್ಡಹೆಸರು ಬೀದಿಯ ಬೈಗುಳವಾಗಿಬಿಡುತ್ತದೆ.

ಇದಕ್ಕೆ ಪೂರ್ತಿ ಬೇರೆಯಾದ ಇನ್ನೊಂದು ದಾರಿ ಹಾ.ಮಾ. ನಾಯಕರದು. ಅವರ ಅಂಕಣ ಬರಹಗಳ ಸಂಕಲನ ‘ಸಂಪ್ರತಿ’ಗೆ 1989ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಾಯಕರು ಭಾಷಾವಿಜ್ಞಾನಿ, ಮೇಷ್ಟ್ರು. ಅವರ ಬರಹದಲ್ಲಿ ದನಿ ಏರುವುದಿಲ್ಲ. ಬಹುವಚನ ಬಿಟ್ಟುಕೊಡುವುದಿಲ್ಲ. ವಿಶ್ವವಿದ್ಯಾಲಯದ, ಸರ್ಕಾರದ, ಕನ್ನಡದ ವಿಷಯಗಳನ್ನು ಎತ್ತಿಕೊಂಡು ನಿಧಾನವಾಗಿ ಸಂಗತಿಯ ಮೇಲೆ ಸಂಗತಿ ಇಡುತ್ತಾರೆ. ಟೀಕೆಗೆ ಒಳಗಾದವರು ಮರುದಿನ ಎದುರು ಸಿಕ್ಕರೆ ನಮಸ್ಕಾರ ಮಾಡಬಹುದು, ಆದರೆ ಉತ್ತರ ಕೊಡದೆ ಇರಲಾಗದು. ‘ಪ್ರಜಾವಾಣಿ’ಯಲ್ಲಿ ಬರುತ್ತಿದ್ದ ಟಿಎಸ್ಸಾರ್ ಅವರ ‘ಛೂಬಾಣ’ ಅಂಕಣ ಹೆಸರಿಗೆ ತಕ್ಕಂತೆ ಇನ್ನೂ ಚುರುಕಿನದಾಗಿತ್ತು. ನನ್ನ ಒಲವು ಯಾವ ಕಡೆ ಎಂದು ಕೇಳುವವರಿಗೆ ಹೇಳುತ್ತೇನೆ: ಅಧಿಕಾರ ತುಂಬ ಎತ್ತರದಲ್ಲಿ ಕೂತು ಯಾರ ಮಾತೂ ಕೇಳದ ಕಾಲಕ್ಕೆ ಲಂಕೇಶರ ದಾರಿ ಬೇಕು. ಎಲ್ಲರೂ ಎಲ್ಲರನ್ನೂ ಏಕವಚನದಲ್ಲಿ ಕರೆಯುತ್ತಿರುವ ಈ ಹೊತ್ತಿಗೆ ಹಾಮಾನಾ ಅವರ ದಾರಿಯೇ ಹೆಚ್ಚು ಚುಚ್ಚುತ್ತದೆ ಎಂದು ನನಗೆ ಅನ್ನಿಸುತ್ತದೆ.

ಪದಗಳ ಸಂದಿಯಲ್ಲಿ ಚುಚ್ಚುವುದು ಸರಿಯೇ ಎಂಬ ಪ್ರಶ್ನೆಗೆ ಈಗ ಬರೋಣ. ಇದರಲ್ಲಿ ನಿಜವಾದ ಅಪಾಯವಿದೆ. ‘ಭ್ರಷ್ಟ’ ಎಂದು ಬರೆದರೆ ಅದು ಎದುರಿಗೇ ಕಾಣುತ್ತದೆ, ಓದುಗ ‘ಸಾಕ್ಷಿ ಎಲ್ಲಿ’ ಎಂದು ಕೇಳಬಹುದು. ‘ಮಾಡಿಸಿಕೊಂಡರು’ ಎಂದು ಬರೆದರೆ ಆಪಾದನೆ ಗೊತ್ತಾಗದಂತೆ ಒಳಗೆ ಇಳಿಯುತ್ತದೆ, ಸಾಕ್ಷಿ ಕೇಳಬೇಕೆಂದು ಹೊಳೆಯುವುದೇ ಇಲ್ಲ. ಈ ಸಾಲಿನಲ್ಲಿ ಎಲ್ಲಕ್ಕಿಂತ ಅಪಾಯದ್ದು ‘ಅಂತೆ’. ಕಣ್ಣಾರೆ ಕಂಡದ್ದಕ್ಕೂ ಕೇಳಿದ್ದಕ್ಕೂ ಕನ್ನಡ ಮಾಡುವ ಈ ಭೇದ ಬಹಳ ಪ್ರಾಮಾಣಿಕವಾದದ್ದು: ಬಂದನು ಎಂದರೆ ನಾನು ನೋಡಿದೆ, ಬಂದನಂತೆ ಎಂದರೆ ಯಾರೋ ಹೇಳಿದರು. ಅಂಕಣದಲ್ಲಿ ಅದಕ್ಕೆ ಇನ್ನೊಂದು ಕೆಲಸ ಸಿಗುತ್ತದೆ. ‘ಯೋಜನೆ ಪೂರ್ಣವಾಗಿದೆಯಂತೆ’ ಎಂದರೆ ನನಗೆ ನಂಬಿಕೆಯಿಲ್ಲ ಎಂದರ್ಥ. ಅಲ್ಲಿಯವರೆಗೆ ಸರಿ, ಹೋಗಿ ನೋಡಿಬಂದು ಬರೆದಿದ್ದರೆ. ‘ಪ್ರವಾಹ ಬಂದಾಗ ಅವರು ವಿದೇಶದಲ್ಲಿದ್ದರಂತೆ’ ಎಂದು ಬರೆದು, ಇದ್ದರೋ ಇಲ್ಲವೋ ಎಂದು ವಿಚಾರಿಸುವ ಗೋಜಿಗೆ ಹೋಗದಿದ್ದರೆ ಅದು ಗಾಳಿಸುದ್ದಿಯೇ. ವರದಿಯ ಭಾಷೆಯಲ್ಲಿ ಇದೇ ‘ಎನ್ನಲಾಗಿದೆ’ ಆಗುತ್ತದೆ. ಯಾರು ಅಂದರು? ಯಾರೂ ಇಲ್ಲ.

ಕಾನೂನು ಕೂಡ ಈ ಆಸರೆಯನ್ನು ಒಪ್ಪುವುದಿಲ್ಲ. ಭಾರತೀಯ ದಂಡ ಸಂಹಿತೆಯ 499ನೇ ಸೆಕ್ಷನ್, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್, ಎರಡೂ ಮಾನಹಾನಿಯ ಅಪರಾಧಕ್ಕೆ ವಿನಾಯಿತಿಗಳನ್ನು ಕೊಟ್ಟಿವೆ: ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯ, ಸರ್ಕಾರಿ ನೌಕರ ತನ್ನ ಕೆಲಸದಲ್ಲಿ ನಡೆದುಕೊಂಡ ಬಗೆಯ ಮೇಲೆ ಸದ್ಭಾವದಿಂದ ಹೇಳಿದ ಅಭಿಪ್ರಾಯ, ಹೀಗೆ. ಯಾರೋ ಅಂದದ್ದನ್ನು ನಾನು ಬರೆದೆ ಎನ್ನುವುದು ಆ ಪಟ್ಟಿಯಲ್ಲಿ ಇಲ್ಲ. ನನ್ನ ಮಟ್ಟಿಗೆ ಕಾನೂನಿಗಿಂತ ಸರಳವಾದ ಒಂದು ಪರೀಕ್ಷೆ ಇದೆ. ಬರೆದ ‘ಏ’, ‘ಊ’, ‘ಕೊಳ್ಳು’ಗಳನ್ನು ಬಿಡಿಸಿ ಪೂರ್ತಿ ವಾಕ್ಯ ಮಾಡಿಕೊಳ್ಳುತ್ತೇನೆ: ‘ಈ ರಸ್ತೆಯನ್ನು ಇವರು ಸ್ವಂತ ಲಾಭಕ್ಕೆ ಮಾಡಿಸಿದ್ದಾರೆ ಎಂದು ನಾನು ಆರೋಪಿಸುತ್ತೇನೆ.’ ಈ ವಾಕ್ಯವನ್ನು ಹೆಸರು ಹಾಕಿ ಅಚ್ಚು ಮಾಡುವ ಧೈರ್ಯ ಇದ್ದರೆ, ಅಂದರೆ ಪಹಣಿಯೋ ನಕ್ಷೆಯೋ ಟೆಂಡರಿನ ಪ್ರತಿಯೋ ಕೈಯಲ್ಲಿದ್ದರೆ, ‘ಮಾಡಿಸಿಕೊಂಡರು’ ಉಳಿಯುತ್ತದೆ. ಇಲ್ಲದಿದ್ದರೆ ‘ಮಾಡಿಸಿದರು’.

ನನಗೆ ಹೆಚ್ಚು ಸಂಕಟ ಕೊಡುವ ವಿಷಯವೊಂದು ಉಳಿದಿದೆ. ಕನ್ನಡದಲ್ಲಿ ಯಾರ ಬಗ್ಗೆ ಬರೆದರೂ ಏಕವಚನವೋ ಬಹುವಚನವೋ ಎಂದು ತೀರ್ಮಾನಿಸದೆ ವಾಕ್ಯ ಮುಗಿಸಲು ಬರುವುದಿಲ್ಲ. ಕ್ರಿಯಾಪದದ ತುದಿಯಲ್ಲೇ ಅದು ಕೂತಿರುತ್ತದೆ. ಹಾಗಾಗಿ ಪ್ರತಿ ವಾಕ್ಯದಲ್ಲೂ ನಾವು ಒಂದು ಸಣ್ಣ ತೀರ್ಪು ಕೊಡುತ್ತಿರುತ್ತೇವೆ. ಬೈಕ್ ಕದ್ದ ಆರೋಪದ ಮೇಲೆ ಸಿಕ್ಕಿಬಿದ್ದವನು ‘ಬಂಧಿತನಾಗಿದ್ದಾನೆ’. ಕೋಟಿಗಟ್ಟಲೆ ಹಣದ ಅವ್ಯವಹಾರದ ಆರೋಪ ಹೊತ್ತ ಮಾಜಿ ಸಚಿವರು ‘ಬಂಧಿತರಾಗಿದ್ದಾರೆ’. ಇಬ್ಬರೂ ಆರೋಪಿಗಳು, ಇಬ್ಬರ ಮೇಲೂ ಇನ್ನೂ ತೀರ್ಪು ಬಂದಿಲ್ಲ. ಒಬ್ಬನಿಗೆ ಶಿಕ್ಷೆ ಆಗಲೇ ಶುರುವಾಗಿದೆ, ಅದನ್ನು ಕೊಟ್ಟದ್ದು ನ್ಯಾಯಾಲಯವಲ್ಲ, ಸುದ್ದಿಮನೆ. ದೂರು ಕೊಡಲು ಬಂದ ಕೂಲಿ ಹೆಂಗಸು ‘ಆಕೆ’, ದೂರು ಬರೆದುಕೊಂಡ ಅಧಿಕಾರಿ ‘ಅವರು’. ಇದನ್ನು ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ, ಕೈಗೆ ರೂಢಿಯಾಗಿದೆ. ರೂಢಿಯಾದದ್ದರಿಂದಲೇ ಇದು ಸಂಪಾದಕೀಯಗಳಿಗಿಂತ ಆಳಕ್ಕೆ ಇಳಿಯುತ್ತದೆ. ಬಡವನನ್ನು ಟೀಕಿಸಲು ನಮಗೆ ಪದವೇ ಬೇಕಾಗುವುದಿಲ್ಲ, ಪ್ರತ್ಯಯ ಸಾಕು.

ಈ ಅಂಕಣದಲ್ಲಿ ನಾನು ಎಲ್ಲ ಆರೋಪಿಗಳಿಗೂ ಬಹುವಚನ ಬಳಸುತ್ತೇನೆ. ಈಚೆಗೆ ಒಂದು ಸರಗಳ್ಳತನದ ಪ್ರಕರಣದ ಬಗ್ಗೆ ಬರೆದಾಗ ನಿವೃತ್ತ ಶಿಕ್ಷಕಿಯೊಬ್ಬರು ನೊಂದು ಕಾಗದ ಬರೆದರು. ಕತ್ತಿನ ಸರ ಕಿತ್ತುಕೊಂಡು ಹೋದವನಿಗೆ ‘ಅವರು’ ಎಂಬ ಮರ್ಯಾದೆ ಯಾಕೆ ಎಂಬುದು ಅವರ ಪ್ರಶ್ನೆ. ಅದೇ ತಿಂಗಳು ನಾನು ಬರೆದ ಹಗರಣವೊಂದರ ಆರೋಪಿಗೂ ಬಹುವಚನವೇ ಇತ್ತು, ಅದು ನಿಮ್ಮ ಕಣ್ಣಿಗೆ ಕುಕ್ಕಲಿಲ್ಲವೇ ಮೇಡಂ ಎಂದು ಕೇಳಿ ಉತ್ತರ ಬರೆದೆ. ಅವರು ಮತ್ತೆ ಬರೆದರು: ‘ಇಬ್ಬರೂ ಸಮ ಎನ್ನುವುದಾದರೆ ಇಬ್ಬರಿಗೂ ಏಕವಚನವೇ ಇರಲಿ.’ ಆ ಮಾತಿನಲ್ಲಿ ಹುರುಳಿದೆ. ತೀರ್ಪು ಬಂದ ಮೇಲೆ ಅದನ್ನು ಯೋಚಿಸುತ್ತೇನೆ ಎಂದು ತಿಳಿಸಿದ್ದೇನೆ. ಎರಡೂ ಪ್ರಕರಣಗಳು ಇನ್ನೂ ವಿಚಾರಣೆಯಲ್ಲಿವೆ.